ನಮೂನೆ

ನಜರ್‌ಬಾದಿನ ಹಳೇ ಕಟ್ಟಡದ ಮೆಟ್ಟಿಲ ಕೆಳಗೆ
ಅಪ್ಪ ಬಿಟ್ಟುಹೋದದ್ದು ಒಂದು ಇಳಿಜಾರು ಮೇಜು,
ಕಾರ್ಬನ್ ಹಾಳೆ, ಗುಂಡುಸೂಜಿ ಡಬ್ಬ,
ಮತ್ತೆ ಈ ಬೀದಿ ನನಗಿಟ್ಟ ಹೆಸರು:
ಚಲಾನ್ ಚೆಲುವಮ್ಮ.

ಅಪ್ಪ ಫಾರಂ ಅನ್ನುತ್ತಿರಲಿಲ್ಲ, ನಮೂನೆ ಅನ್ನುತ್ತಿದ್ದ.
ಗಿರಾಕಿಗಳ ಬಗ್ಗೆಯೂ ಅದೇ ಮಾತು:
'ಅವನೊಂದು ನಮೂನೆ ಕಣೇ.'

ಹದಿನಾರನೇ ನಂಬರು ಸಂಬಳದವರದ್ದು.
ಜೂನ್ ಕಳೆದರೂ ಕೈಗೆ ಬರುವುದಿಲ್ಲ,
ಹುಡುಗಿ ನೋಡಿ ಹೋಗಿ ಸುಮ್ಮನಾದ ಬೀಗರ ಹಾಗೆ.
ಹದಿನೈದು ಜಿ, ಹದಿನೈದು ಎಚ್ ಅಕ್ಕತಂಗಿ.
ಅರವತ್ತು ತುಂಬಿದವರಿಗೆ ಒಬ್ಬಳು, ತುಂಬದವರಿಗೆ ಇನ್ನೊಬ್ಬಳು.
ರೇಷ್ಮೆ ಕಾರ್ಖಾನೆಯ ಪಾರ್ಶ್ವನಾಥಯ್ಯ
ಜಿ ದಾಟಿ ಎಚ್ಚಿಗೆ ಬಂದ ವರ್ಷ
ಅರ್ಧ ಕೇಜಿ ಬಾದುಷಾ ತಂದಿದ್ದರು:
'ಸರ್ಕಾರವೇ ಹಿರಿಯ ಅಂತ ಒಪ್ಪಿದ ಮೇಲೆ
ಮನೇಲಿ ಎದುರಾಡೋರು ಯಾರಮ್ಮ.'

ಕಂದಾಯದ ಹಾಳೆ ಕೇಳುತ್ತದೆ:
ಹೆಂಚೋ ಆರ್‌ಸಿಸಿಯೋ, ಮೊಸಾಯಿಕ್ಕೋ ರೆಡ್ಡಾಕ್ಸೈಡೋ.
ಮಹಡಿಯ ನೀರು ಯಾರ ಮನೆಗೆ ಸೋರುತ್ತದೆ
ಅಂತ ಕೇಳುವುದಿಲ್ಲ.

ಮಂಡ್ಯದ ಕಡೆಯ ಆಲೆಮನೆ ಯಜಮಾನ ಬಂದಿದ್ದ.
'ಬೆಲ್ಲಕ್ಕೆ ತೆರ್ಗೆ ಇಲ್ಲ ಅಲ್ವಾ ಕಣವ್ವ?'
ಬಿಡಿ ಬೆಲ್ಲಕ್ಕಿಲ್ಲ ಗೌಡರೇ,
ಪೊಟ್ಟಣ ಕಟ್ಟಿ ಹೆಸರು ಅಚ್ಚು ಹಾಕಿಸಿದರೆ ಇದೆ.
ಬಹಳ ಹೊತ್ತು ಕೂತು ಕೇಳಿದ:
'ಹೆಸ್ರು ಮಡಗಿದ್ದೇ ತೆಪ್ಪಾ, ಅಂಗಾರೆ?'

ಒಂದು ಕಾಲಕ್ಕೆ ಒಂದೇ ಹಾಳೆಯದು ಬಂತು, ಹೆಸರು ಸರಳ.
ಅಪ್ಪ ಅದಕ್ಕೆ ಎರಡು ರೂಪಾಯಿ ಜಾಸ್ತಿ ತಗೊಂಡ:
'ಸರಳವಾದ್ದನ್ನ ಬಿಡಿಸಿ ಹೇಳೋದು ಕಷ್ಟ.'
ಆಮೇಲೆ ಸಹಜ, ಸುಗಮ.
ಕೂಸುಗಳಿಗೆ ಇಟ್ಟ ಹಾಗೆ ಇಟ್ಟಿದ್ದಾರೆ;
ಕರೆದರೆ ಒಂದೂ ಓಗೊಡುವುದಿಲ್ಲ.

ಈಗ ಎಲ್ಲ ಪರದೆಯ ಮೇಲೆ. ನನ್ನ ಮೇಜಿಗೂ
ಒಂದು ಲ್ಯಾಪ್‌ಟಾಪು, ಇಳಿಜಾರಿಗೆ ಜಾರದಂತೆ ರಬ್ಬರು.
ಹಳೇ ಫಾರಂ ಕಟ್ಟುಗಳನ್ನ ಮೆಹರುನ್ನೀಸಾ ಒಯ್ಯುತ್ತಾಳೆ,
ಊದುಬತ್ತಿ ಒಣಗಿಸಲು ಹಾಸಿಕೊಳ್ಳಲು.
ಅವಳ ಗಲ್ಲಿಯಲ್ಲಿ ಖಾಲಿ ಘೋಷಣೆಗಳಿಗೆಲ್ಲ ಗಂಧ ಹತ್ತಿದೆ.

ಕಳೆದ ಜುಲೈ ಇಪ್ಪತ್ತೊಂಬತ್ತು, ಬಾಗಿಲು ಹಾಕುವ ಹೊತ್ತು.
ಗೌರಮ್ಮಣ್ಣಿ ಬಂದಳು, ಪ್ಲಾಸ್ಟಿಕ್ ಕವರಿನಲ್ಲಿ
ಮಾದಶೆಟ್ಟಿಯ ಪ್ಯಾನು, ಫೆಬ್ರವರಿಯವರೆಗಿನ ಸಂಬಳದ ಚೀಟಿ,
ಮರಣ ಪತ್ರದ ಮೂರು ಜೆರಾಕ್ಸು.
ರೈಲ್ವೆ ವರ್ಕ್‌ಶಾಪಿನ ಫಿಟ್ಟರು;
ಪ್ರತಿ ವರ್ಷ ಜುಲೈ ಒಂದಕ್ಕೇ, ತಲೆ ಬಾಚಿ,
ನನ್ನ ಮುಂದೆ ಕೂರುತ್ತಿದ್ದ.

ಸತ್ತವರೂ ಲೆಕ್ಕ ಒಪ್ಪಿಸಬೇಕು, ವಾರಸುದಾರರ ಕೈಯಲ್ಲಿ.
ಪರದೆ ಕೇಳಿತು: ಸಂಬಂಧ?
ಒತ್ತಿದರೆ ಬಿಚ್ಚಿಕೊಂಡಿತು ಪಟ್ಟಿ,
ಹೆಂಡತಿ, ಮಗ, ಮಗಳು, ಇತರೆ.
ಇಪ್ಪತ್ತೆರಡು ವರ್ಷ ಒಂದೇ ಒಲೆ.
ತಾಳಿಯಿಲ್ಲ, ಪತ್ರವಿಲ್ಲ, ರೇಷನ್ ಕಾರ್ಡಿನಲ್ಲೂ ಬೇರೆ ಬೇರೆ.
'ವಾಪಸ್ ಬರೋ ದುಡ್ಡು ಬೇಡಮ್ಮ' ಅಂದಳು,
'ಒಂದು ವರ್ಷವೂ ತಡ ಮಾಡಿದೋರಲ್ಲ.
ಈ ಸಲ ಲೇಟು ಅನ್ನಿಸ್ಕೋಬಾರದು.'

ಇತರೆ ಒತ್ತಿದೆ. ಪತ್ರ ಲಗತ್ತಿಸಿ ಅಂತು.
ಇನ್ನೊಮ್ಮೆ ಒತ್ತಿದೆ. ಕೆಂಪು ಅಕ್ಷರ.
ಮೂರನೇ ಸಲಕ್ಕೆ ನಾನೇ ಮುಚ್ಚಿದೆ.

ಕೆಳಗಿನ ಖಾನೆಯಲ್ಲಿ ಅಪ್ಪನ ಕಾಲದ್ದು ಒಂದು ಉಳಿದಿತ್ತು,
ಅಂಚು ಹಳದಿಯಾದ ಸರಳ.
ಕಾರ್ಬನ್ ಇಟ್ಟು ಬರೆಯಲು ಕೂತೆ:
ಹೆಸರು, ತಂದೆಯ ಹೆಸರು, ಒಟ್ಟು ವರಮಾನ, ಕಟ್ಟಿದ ತೆರಿಗೆ.
ಇದು ಎಲ್ಲೂ ನಡೆಯುವುದಿಲ್ಲ ಅಂತ ನನಗೂ ಗೊತ್ತು,
ನನ್ನ ಮುಖ ನೋಡಿಯೇ ಅವಳಿಗೂ ಗೊತ್ತು.
ಸಹಿಯ ಜಾಗದಲ್ಲಿ ಅವಳು ತನ್ನ ಹೆಸರು ಬರೆದಳು,
ನಿಧಾನಕ್ಕೆ, ಒತ್ತಿ, ಅಡಿಯ ಹಾಳೆಗೂ ಇಳಿಯುವ ಹಾಗೆ.
ಪಕ್ಕದಲ್ಲಿ ಏನಾಗಬೇಕು ಅಂತ ಬರೆಯಲು ಹೋದೆ.
ಆಲೆಮನೆಯವನ ನೆನಪಾಯಿತು. ಬಿಟ್ಟೆ.

ತಾರೀಕು ಹಾಕಿ, ಮೊಹರು ಒತ್ತಿ,
ನಕಲನ್ನು ಖಾನೆಗಿಟ್ಟು, ಅಸಲು ಅವಳಿಗೆ ಕೊಟ್ಟೆ.
ಸೆರಗಿನ ಗಂಟು ಬಿಚ್ಚುತ್ತ ಕೇಳಿದಳು, ಎಷ್ಟಾಯ್ತಮ್ಮ?
ಹೇಳಿದೆ,
ಸರಳದ್ದು, ಎರಡು ರೂಪಾಯಿ ಜಾಸ್ತಿ.